ಶುಭ ಶುಕ್ರವಾರದ ಪ್ರಸಂಗ

೬ ಮಾರ್ಚ್ ೧೯೪೪, ಸೋಮವಾರ. ಬಳ್ಳಾರಿ

ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಸಾಲೆ. ಮಧ್ಯಾಹ್ನ ಸತ್ಯನಾರಾಯಣಪೇಟೆಯ ಕಡೆ ಹೋಗಿ ಇಬ್ಬರು ರೋಗಿಗಳನ್ನು ನೋಡಿ ಬಂದೆ. ಶುಭ ಶುಕ್ರವಾರ ಗುಡಿಯಲ್ಲಿ ಪ್ರಸಂಗ ಹೇಳುವ ಸರದಿ ಈ ವರ್ಷ ನನ್ನದೇ ಎಂದರು ಪಾದ್ರಿ ಅಯ್ಯಗಾರು. ಪಾದ್ರಿಯ ಕೈಕೆಳಗಿನ ನನ್ನಂಥ ಉಪದೇಶಿಗೆ ಆ ದಿನದ ಪೀಠ ಸಿಗುವುದು ಸಣ್ಣ ಮಾತಲ್ಲ. ವಿಷಯವನ್ನೂ ಅವರೇ ಕೊಟ್ಟರು — ಒಳ್ಳೆಯವರಿಗೆ ಕಷ್ಟವೇಕೆ? ಸಂಜೆಯೊಳಗೆ ಅರ್ಧ ಬರೆದೆ. ಸರಾಗವಾಗಿ ಬಂತು. ಕಷ್ಟ ಎಂಬುದು ದೇವರು ಇಡುವ ಪರೀಕ್ಷೆ... ಚೆನ್ನಾಗಿದೆ.

ಸೂಲಗಿತ್ತಿ ಅಕ್ಕ ನಮ್ಮೂರು ಕುರುಗೋಡಿನಲ್ಲಿ ಇಲ್ಲವಂತೆ. ಸಿರುಗುಪ್ಪದಲ್ಲಿ ಅಮ್ಮ ಬಂದಿದೆ. ಮಾರೆಮ್ಮ ಎಂಬ ಕೂಲಿ ಹೆಣ್ಣುಮಗಳ ಕೂಸಿಗೆ ಮೈತುಂಬ ಸಿಡುಬು. ಹತ್ತಿರ ಹೋಗುವವರಿಲ್ಲ. ಇವಳು ಹೋಗಿ ಕೂತಿದ್ದಾಳೆ. ಹೋಗದೆ ಇರುತ್ತಾಳೆಯೆ?

೧೮ ಮಾರ್ಚ್, ಬಳ್ಳಾರಿ

ಅಕ್ಕನಿಗೂ ಬಂತು. ಸಿಡುಬು ಬಾರದಂತೆ ದಾಕು ಹಾಕಿಸಿಕೊಂಡಿದ್ದಳು, ಆದರೂ. ಗಾಡಿಯಲ್ಲಿ ಮಲಗಿಸಿ ಕುರುಗೋಡಿಗೆ ತಂದಿದ್ದಾರಂತೆ. ಆ ಕೂಸು ಉಳಿಯಲಿಲ್ಲ. ಅಯ್ಯಗಾರು ರಜೆ ಕೊಟ್ಟರು. ನಾಳೆ ಬೆಳಿಗ್ಗೆಯೇ—

೨೮ ಮಾರ್ಚ್, ಕುರುಗೋಡು

ಹತ್ತು ದಿನ ಏನೂ ಬರೆದಿಲ್ಲ. ಬರೆಯುವಂಥದ್ದೂ ಅಲ್ಲ. ಜ್ವರ ಇಳಿದಿದೆ, ಹುಣ್ಣು ಒಣಗಿವೆ. ಕಣ್ಣು ಎರಡೂ ಹೋದವು.

ಪಕ್ಕದ ಮನೆಯ ಕೊಟ್ಟೂರಪ್ಪ ಬಾಗಿಲ ಹೊರಗೇ ನಿಂತು ಮಾತಾಡಿಸಿದ. ಅವನ ಮಕ್ಕಳೆಲ್ಲ ಅಕ್ಕನ ಕೈಯಲ್ಲೇ ಹುಟ್ಟಿದವರು.

“ಊರಮ್ಮನ್ನ ಬಿಟ್ಟು ನಿಮ್ಮ ದೇವರ ಕೂಡ ಹೋದ್ರಿ. ಅಕಿ ಬಿಟ್ಟಾಳೇನ್ರಿ?” ಎಂದ. ಹಗೆಯಿಂದಲ್ಲ. ಮರುಗಿಯೇ ಅಂದ. ಅದೇ ಚುಚ್ಚಿತು.

ಅಯ್ಯಗಾರು ಹೇಳಿ ಕಳಿಸಿದ್ದಾರೆ — ಬಚ್ಚಿಟ್ಟ ಪಾಪವೇನಾದರೂ ಇದ್ದರೆ ಅಕ್ಕ ಅರಿಕೆ ಮಾಡಿಕೊಳ್ಳಲಿ. ಕೊಟ್ಟೂರಪ್ಪನಿಗೂ ಇವರಿಗೂ ಏನು ವ್ಯತ್ಯಾಸ? ಕೂರಲಾಗುತ್ತಿಲ್ಲ. ಒಳಗೆ, ಹೊರಗೆ, ಮತ್ತೆ ಒಳಗೆ.

೩೧ ಮಾರ್ಚ್

ಅಕ್ಕನಿಗೆ ಗಂಜಿ ಕುಡಿಸುತ್ತ ನನ್ನ ಪ್ರಸಂಗದ ಮಾತೇ ಹೇಳಿದೆ. ದೇವರು ಪರೀಕ್ಷೆ ಮಾಡುತ್ತಿದ್ದಾನೆ, ಅಕ್ಕಾ.

ಬಟ್ಟಲು ತಳ್ಳಿದಳು. “ನನ್ನ ಪರೀಕ್ಷಾ ಮಾಡಾಕ ಆ ಕೂಸನ್ನ ಕೊಂದನೇನು? ಅಂಥಾ ದೇವರು ನಿನಗ ಇರಲಿ, ನನಗ ಬ್ಯಾಡ.”

ಚೆಲ್ಲಿದ ಗಂಜಿ ಒರೆಸತೊಡಗಿದೆ. ಅವಳೇ ಮೆಲ್ಲಗೆ ಅಂದಳು: “ಯೇಸುಸ್ವಾಮಿ ಶಿಲುಬಿ ಮ್ಯಾಲೆ ದೇವರ, ನನ್ನ ಯಾಕ ಕೈ ಬಿಟ್ಟಿ ಅಂತ ಕೂಗಿದ. ಅವಗ ಯಾರರ ಉತ್ತರ ಕೊಟ್ರೇನು? ನನಗ ಕೊಡಾಕ ನೀ ಯಾರೋ ತಮ್ಮಾ? ನಾನೂ ಕೂಗ್ತೀನಿ. ಕೂಗಿದವ ಅಂವ, ಅವಗ ಗೊತ್ತಾಕ್ಕೈತಿ. ನನಗ ಅಷ್ಟು ಸಾಕು.”

ನನಗೆ ಸಾಲದು.

೪ ಏಪ್ರಿಲ್

ಮಾರೆಮ್ಮ ಬಂದಳು. ಸಿರುಗುಪ್ಪದಿಂದ ನಡೆದೇ. ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡಿಸುತ್ತಿದ್ದ ಬಸ್ಸೂ ಕೆಟ್ಟು ನಿಂತಿದೆಯಂತೆ. ಹೊಸ್ತಿಲ ಮೇಲೆ ಬಿದ್ದು ಅತ್ತಳು. “ನನ್ನ ಮನಿಗಿ ಬಂದಿದ್ದಕ್ಕ ನಿನ್ನ ಕಣ್ಣು ಹೋದ್ವು ಯವ್ವಾ. ನನ್ನ ಕೂಸೂ ಉಳೀಲಿಲ್ಲ. ನಾ ಏನು ತಪ್ಪು ಮಾಡಿದ್ದೆ?”

ದೇವರ ಚಿತ್ತ ಎಂದು ಶುರು ಮಾಡಿದೆ.

“ನೀ ಸುಮ್ಕಿರು,” ಅಂದಳು ಅಕ್ಕ. ಮಾರೆಮ್ಮನ ತಲೆ ತಡವಿದಳು. ಕೂದಲು ಜಡೆಗಟ್ಟಿತ್ತು. ಕೂಸು ಹೋದ ಮೇಲೆ ಬಾಚಿರಲಿಲ್ಲವೇನೋ. “ತಮ್ಮಾ, ಎಣ್ಣಿ ತಾ.” ಮುಂದೆ ಕೂರಿಸಿಕೊಂಡು ಬೆರಳಲ್ಲೇ ಒಂದೊಂದು ಗಂಟು ಬಿಡಿಸಿದಳು. ಮಾರೆಮ್ಮ ಕೂಸಿನ ಮಾತು ಆಡುತ್ತಲೇ ಇದ್ದಳು — ಹೇಗೆ ನಗುತ್ತಿತ್ತು, ಏನು ತಿನ್ನುತ್ತಿತ್ತು. ಅಕ್ಕನೂ ಅತ್ತಳು. ಕಾಣದ ಕಣ್ಣಿನಲ್ಲೂ ನೀರು ಬರುತ್ತದೆ.

ಯಾರೂ ಏನನ್ನೂ ವಿವರಿಸಲಿಲ್ಲ. ಹೊತ್ತು ಇಳಿದಾಗ ಮಾರೆಮ್ಮ ಎದ್ದು ಒಲೆ ಹಚ್ಚಿ ರೊಟ್ಟಿ ಬಡಿದಳು. ಮೂವರೂ ಉಂಡೆವು.

೭ ಏಪ್ರಿಲ್, ಶುಭ ಶುಕ್ರವಾರ. ಬಳ್ಳಾರಿ

ಗುಡಿ ತುಂಬಿತ್ತು. ಬರೆದುಕೊಂಡಿದ್ದು ಕೈಯಲ್ಲಿತ್ತು. ಓದಲಾಗಲಿಲ್ಲ. ಅಕ್ಕನ ವಿಷಯ ಹೇಳಿದೆ, ಕೂಸಿನ ವಿಷಯ ಹೇಳಿದೆ. “ಯಾಕ ಅಂತ ನನಗ ಗೊತ್ತಿಲ್ಲ. ಪಾಪಕ್ಕ ಬಂದ ಶಿಕ್ಷಾ ಅಲ್ಲ, ಇಷ್ಟು ಗೊತ್ತು. ಇವತ್ತು ಶಿಲುಬಿ ಮ್ಯಾಲೆ ಇರಾಂವ ಪಾಪ ಮಾಡಿದಾಂವ ಅಲ್ಲ. ನಾವು ಅಳೋ ಕಡೇನ ಅಂವ ಅದಾನ ಅಂತ ನಂಬೀನಿ. ನಂಬಾಕ ಕಷ್ಟ ಆಗೈತಿ.” ಇಷ್ಟೇ. ಹಿಂದೆ ಕೂತಿದ್ದ ಮುದುಕಿ ಜೋಗಮ್ಮ ದನಿ ತೆಗೆದು ಅತ್ತಳು. ಅವಳಿಗೂ ಏನಿತ್ತೋ.

ಆಮೇಲೆ ಅಯ್ಯಗಾರು ಒಳಗೆ ಕರೆದರು. “ಜನ ಉತ್ತರ ಕೇಳಾಕ ಬಂದಿದ್ರು. ನೀವು ಪ್ರಶ್ನಿ ಕೊಟ್ಟು ಕಳಿಸಿದ್ರಿ.” ಇನ್ನು ಪೀಠ ಹತ್ತುವುದು ಬೇಡವಂತೆ. ಸ್ವಲ್ಪ ಕಾಲ ಕುರುಗೋಡಿನಲ್ಲೇ ಇರಬೇಕಂತೆ. ಸಿಟ್ಟು ಬರಬೇಕಿತ್ತು. ಯಾಕೋ ಹಗುರ ಅನ್ನಿಸಿತು. ದಾರಿಯಲ್ಲಿ ಮತ್ತೆ ಭಯ.

೧೧ ಏಪ್ರಿಲ್, ಕುರುಗೋಡು

ಮಾರೆಮ್ಮನ ಅತ್ತೆಗೆ ಸಿಡುಬು. ಅಕ್ಕ ಸಿರುಗುಪ್ಪಕ್ಕೆ ಹೊರಟು ನಿಂತಿದ್ದಾಳೆ! ಕೂಗಾಡಿದೆ. ಹುಚ್ಚು ಹಿಡಿದಿದೆಯೇನು ಎಂದೆ.

“ನನಗ ಒಮ್ಮಿ ಬಂದು ಹೋಗೈತಿ, ಇನ್ನ ಬರಂಗಿಲ್ಲ. ನಿನಗ ಸಣ್ಣಾಂವ ಇದ್ದಾಗೇ ಬಂದು ಹೋಗೈತಿ. ಮತ್ತ್ಯಾರು ಹೋಗಬೇಕೋ? ಕಣ್ಣು ನಿನ್ನವು, ಕೈ ನನ್ನವು. ನಡಿ.”

ಸಮಾಧಾನ ಆಗಿದೆ ಎಂದು ಬರೆದರೆ ಸುಳ್ಳು. ಬೆಳಿಗ್ಗೆ ಪ್ರಾರ್ಥನೆಯಲ್ಲೂ ಜಗಳವೇ ಆಡಿದೆ. ಗಾಡಿ ಬಂತು. ಅಕ್ಕ ಅಂಗಳಕ್ಕೆ ಇಳಿದಿದ್ದಾಳೆ. ಕೈ ಮುಂದೆ ಚಾಚಿ ನನ್ನ ಹೆಗಲು ಹುಡುಕುತ್ತ—