ಬಗ್ಗಿದಾಗ ಸರಿಹೋಗುವ ಸೂಟ್

ಅಣ್ಣಾ,

ಬೈಕ್ ಓಡಿಸಲೆಂದು ನೀನು ತಂದಿದ್ದ ಚರ್ಮದ ಸೂಟನ್ನು ಅಳತೆ ತಪ್ಪಿ ಹೊಲಿದಿದ್ದರೆಂದು ಅಮ್ಮನಿಗೆ ನಾನು ಹೇಳಿದ್ದು ಸುಳ್ಳು. ನೀನು ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ, "ಗೂನು ಬೆನ್ನಿನ ಮುದುಕನ ಹಾಗೆ ಕಾಣ್ತೀಯ, ವಾಪಸ್ ಕೊಡು" ಎಂದು ನಕ್ಕವನು ನಾನೇ. ನೀನು ಅದನ್ನು ವಾಪಸ್ ಕೊಟ್ಟೇಬಿಟ್ಟೆ.

ಇವತ್ತು ನನಗೂ ಅಂಥದೇ ಸೂಟ್ ಕೊಳ್ಳಲು ಹೋಗಿದ್ದೆ. ಭುಜ ಜಗ್ಗುತ್ತಿತ್ತು, ನೆಟ್ಟಗೆ ನಿಲ್ಲಲಾಗಲಿಲ್ಲ. "ಬಿಗಿ, ಬೇಡ" ಎಂದೆ.

ದರ್ಜಿ ಗದರಿದ: "ಫೋಟೋ ತೆಗೆಸ್ಕೊಳ್ಳೋಕೆ ಬಂದಿದ್ದೀಯೇನೋ? ಗಾಡಿ ಮೇಲೆ ಕೂತು ಹೇಳು."

ಅಂಗಡಿಯ ಬೈಕ್ ಹತ್ತಿ, ಹ್ಯಾಂಡಲ್ ಹಿಡಿದು ಬಗ್ಗಿದೆ. ಜಗ್ಗಾಟವೆಲ್ಲ ನಿಂತುಹೋಯಿತು. ಪ್ಯಾಡುಗಳು ಮೊಣಕೈ, ಮೊಣಕಾಲುಗಳ ಮೇಲೆ ಸರಿಯಾಗಿ ಕೂತವು. ಎಷ್ಟು ಹಾಯಾಗಿತ್ತೆಂದರೆ, ನನಗೆ ಮೈಯೆಲ್ಲ ಉರಿಯಿತು.

ಎಂಟನೇ ಕ್ಲಾಸೂ ದಾಟದ ನನ್ನಂಥವನ ಮಾತು ನಿನಗೆ ವೇದವಾಕ್ಯವಾಯಿತೇ? ಬೈಕು ಬಾಗಿಲಲ್ಲೇ ನಿಂತಿತ್ತಲ್ಲೋ, ಒಂದು ಸಲ ಹತ್ತಿ ನೋಡಬಾರದಿತ್ತೇ? ಬಟ್ಟೆಯ ಜಾಕೆಟ್ ಹಾಕಿಕೊಂಡು ಬೆಟ್ಟದ ರಸ್ತೆಗೆ ಹೋದೆಯಲ್ಲ, ದಡ್ಡ! ಆಸ್ಪತ್ರೆಯವರು ನಿನ್ನ ಹೆಣಕ್ಕಿಂತ ಮೊದಲು ಆ ಜಾಕೆಟ್ಟನ್ನು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಅದರ ಬೆನ್ನಿನ ಭಾಗ ಇರಲೇ ಇಲ್ಲ.

ಸೂಟ್ ತಂದೆ. ಅಮ್ಮನಿಗೆ ನಿಜ ಹೇಳಿದೆ. ಅವಳು ಸೂಟಿನ ಬೆನ್ನಿನ ಭಾಗವನ್ನು ಸವರಿ ನೋಡಿದಳು.

ನಾಳೆ ಬೆಳಿಗ್ಗೆ ಅದನ್ನು ಹಾಕಿಕೊಂಡು ಅದೇ ಬೆಟ್ಟದ ರಸ್ತೆಗೆ ಹೊರಡುತ್ತಿದ್ದೇನೆ.