ವಡಗಾವಿಯ ಎರಡು ಮಜಲಿನ ಮನೆ

ವಡಗಾವಿ, ಬೆಳಗಾವಿ
12 ಫೆಬ್ರುವರಿ 1927

ಖಾನಾಪುರದ ಕಾಕಾ ಅವರಿಗೆ ಭೂಪಾಲನ ಜಯಜಿನೇಂದ್ರ.

ಈ ಊರಿಗೆ ದಿನಾ ಮಂದಿ ಬಂದು ಸೇರುತ್ತಾರೆ, ಮನೆಗಳು ಮಾತ್ರ ಇದ್ದಷ್ಟೇ ಇವೆ. ನನಗೆ ಸಿಕ್ಕಿದ್ದು ನೇಕಾರ ಸಾತಪ್ಪನವರ ಮಗ್ಗದ ಕೋಣೆ. ನಾನು ಪೇಟೆಯಲ್ಲಿ ಮಾರುವ ಗಿರಣಿ ಸೀರೆಗಳಿಂದಲೇ ಅವರ ಎರಡೂ ಮಗ್ಗ ನಿಂತವು. ಈಗ ಮಗ್ಗ ಬಿಚ್ಚಿಟ್ಟು ಆ ಕೋಣೆಯನ್ನು ಎಂಟು ಜನರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆರು ಜನ ನೆಲದ ಮೇಲೆ. ನೇಯುವವರು ಕಾಲು ಇಳಿಬಿಡುತ್ತಿದ್ದ ಎರಡು ಕುಣಿಗಳಲ್ಲಿ ಒಂದರಲ್ಲಿ ನಾನು, ಇನ್ನೊಂದರಲ್ಲಿ ಒಬ್ಬ ದರ್ಜಿ.

ನಿನ್ನೆ ಸರಕಾರದ ಮನೆ ಸುಧಾರಣೆ ಖಾತೆಯ ಸಾಹೇಬರು ತಪಾಸಣೆಗೆ ಬಂದು, “ಒಂದು ಖೋಲಿಗೆ ಆರೇ ಮಂದಿ ಇರಬೇಕು. ಇಲ್ಲಿ ಎಂಟು ಮಂದಿ ಅದಾರಲ್ಲ?” ಎಂದು ಗದರಿದರು.

ಸಾತಪ್ಪನವರು ತಣ್ಣಗೆ, “ಇದು ಎರಡು ಮಜಲಿನ ಮನಿ ಐತ್ರೀ ಸಾಹೇಬ್ರ. ಆರು ಮಂದಿ ಮ್ಯಾಲಿನ ಮಜಲಿನವರು, ಇಬ್ಬರು ಕೆಳಗಿನವರು” ಎಂದರು.

ಸಾಹೇಬರು ಬಗ್ಗಿ ನನ್ನನ್ನು ನೋಡಿದರು. ನಾನು ಕುಣಿಯಿಂದಲೇ ಕೈಮುಗಿದೆ. “ಹಂಗಾರ ಕೆಳಗಿನ ಮಜಲಿಗೆ ಒಂದು ಕಿಡಕಿ ಇಡಸ್ರಿ” ಎಂದವರೇ ಕಾಗದದಲ್ಲಿ ‘ಎರಡು ಮಜಲಿನ ಮನೆ’ ಎಂದೇ ಬರೆದುಕೊಂಡು ಹೋದರು.

ನನ್ನ ಮೊಣಕಾಲು ಹಿಡಿದುಕೊಂಡಿವೆ, ಈ ಕಡೆ ಬರುವವರಿದ್ದರೆ ಎಣ್ಣೆ ಕಳಿಸಿರಿ. ನಿಮ್ಮ ಕೆಮ್ಮು ಹೇಗಿದೆ?

ಕಾರ್ಡು ತುಂಬುತ್ತ ಬಂತು, ಒಂದೇ ಮಾತು. ವರ ಎಂಥ ಮನೆಯಲ್ಲಿದ್ದಾನೆ ಎಂದು ನಂದಗಡದ ಹೆಣ್ಣಿನವರು ಕೇಳಿದ್ದರಲ್ಲ, ಎರಡು ಮಜಲಿನ ಮನೆ, ಸರಕಾರಿ ಕಾಗದದಲ್ಲೇ ಬರೆದಿದೆ ಎಂದು ಧೈರ್ಯವಾಗಿ ಹೇಳಿರಿ. ಹುಡುಗ ಯಾವ ಮಜಲಿನಲ್ಲಿದ್ದಾನೆ ಎಂದು ಕೇಳಿದರೆ ಮಾತ್ರ ಜೋರಾಗಿ ಕೆಮ್ಮಿರಿ.

ಭೂಪಾಲ