ಎಡೆಯ ಕಜ್ಜಾಯ

೩೦-೯-೧೯೭೦, ಬುಧವಾರ. ವಿಜಯಪುರ.

ಆ ಮಹಾಪಂಡಿತನ ಮುಖ ಕಣ್ಣೆದುರಿಂದ ಹೋಗುತ್ತಿಲ್ಲ. ಕ್ರೈಸ್ತನಾಗಿ, ಬೆಂಗಳೂರಿನಲ್ಲಿ ಪಾದ್ರಿಯಾಗಲು ಓದುತ್ತಿರುವ ನನ್ನ ತಮ್ಮ ಆಂಜಿನಪ್ಪ! ಅವನ ಬಾಯಿ ಮುಚ್ಚಿಸಲೆಂದೇ ನಾನೂ ಬೈಬಲ್ಲನ್ನು ಅರೆದು ಕುಡಿದಿದ್ದೇನೆ.

ಇವತ್ತು ಮಹಾಲಯ ಅಮಾವಾಸ್ಯೆಗೆ ಬಂದಿದ್ದ. ಅವ್ವ ತೀರಿಹೋದ ಅಪ್ಪನಿಗೆ ಎಡೆಯಿಟ್ಟು, ಅದೇ ಕಜ್ಜಾಯವನ್ನು ಸದ್ದಿಲ್ಲದೆ ಅವನ ಎಲೆಗೆ ಬಡಿಸಿದಳು. ಅವನು ಕೈ ಹಾಕಿದ. ನಾನು ಬಿಡುತ್ತೇನೆಯೇ?

"ಲೇ, ಅದು ಎಡೆಗಿಟ್ಟಿದ್ದು ಕಣೋ. ತಿನ್ನು, ತಿನ್ನು. ಬಡಿಸಿದ್ದನ್ನ ಏನೂ ಕೇಳ್ದೆ ತಿನ್ನಿ ಅಂತ ನಿಮ್ಮ ಪೌಲನೇ ಬೈಬಲ್ಲಲ್ಲಿ ಹೇಳವ್ನೆ."

ಅವನು ಕೈ ಹಿಂದಕ್ಕೆ ತೆಗೆದ. "ಅದರ ಮುಂದಿನ ಮಾತು ಓದಿಲ್ವಾ ಅಣ್ಣ? ಎಡೆಗಿಟ್ಟಿದ್ದು ಅಂತ ಯಾರಾದ್ರೂ ಹೇಳ್ಬಿಟ್ರೆ, ಹೇಳಿದವನ ಸಲುವಾಗಿ ತಿನ್ನಬಾರ್ದು. ಹೋದ ವರ್ಷ ತಿಂದಿದ್ದೆ. ಆಗ ಯಾರೂ ಹೇಳಿರ್ಲಿಲ್ಲ."

ಈಗ ಬೈಬಲ್ ತೆಗೆದು ನೋಡಿದೆ. ಹಾಳಾದ್ದು, ಆ ಮಾತೂ ಪಕ್ಕದಲ್ಲೇ ಇದೆ.

ನನ್ನ ಸಲುವಾಗಿಯಂತೆ! ಇವನ ಔದಾರ್ಯ ಯಾರಿಗೆ ಬೇಕಿತ್ತು?

ಅವನು ಬರೀ ಅನ್ನ ಉಂಡು ಸಂಜೆ ಬಸ್ಸು ಹತ್ತಿದ. ಅವ್ವ, "ಅಪ್ಪನ ಎಡೆ ಮಗನ ಬಾಯಿಗೆ ಹೋಗ್ದಂಗೆ ಮಾಡ್ಬಿಟ್ಟೆಯಲ್ಲೋ" ಎಂದವಳು ಮತ್ತೆ ತುಟಿ ಬಿಚ್ಚಿಲ್ಲ.

ಕುಲದೇವರನ್ನು ಬಿಟ್ಟವನು ಅವನು. ಅವ್ವ ಮಾತು ಬಿಟ್ಟಿರುವುದು ನನ್ನ ಜೊತೆ.